ಮಗುವಿನ ಹೃದಯದಲ್ಲಿ ತೂತು: ಹತ್ತಿರದ ಆಸ್ಪತ್ರೆಯೋ, ದೂರದ ದೊಡ್ಡ ಸೆಂಟರೋ?

ಎಕೋ, ಅಂದರೆ ಹೃದಯದ ಸ್ಕ್ಯಾನ್, ಅದರ ರಿಪೋರ್ಟ್ ಕೈಗೆ ಬಂದ ದಿನವೇ ಮನೆಯಲ್ಲಿ ಮೂರು ಮಾತು ಶುರುವಾಗುತ್ತವೆ. ನೋಡುತ್ತಿದ್ದ ಡಾಕ್ಟರು "ಸ್ವಲ್ಪ ತೂಕ ಬರಲಿ, ಆಮೇಲೆ ನೋಡೋಣ" ಅನ್ನುತ್ತಾರೆ. ನೆಂಟರು "ಇಲ್ಲಿ ಬೇಡವೇ ಬೇಡ, ದೊಡ್ಡ ಆಸ್ಪತ್ರೆಗೆ ಹೋಗಿ" ಅನ್ನುತ್ತಾರೆ. ಮತ್ತೊಬ್ಬರು "ಹೊರಗಿನಿಂದ ತಂಡ ಬಂದು ಉಚಿತವಾಗಿ ಆಪರೇಷನ್ ಮಾಡುತ್ತದಂತೆ, ಅಲ್ಲಿಯ ತನಕ ಕಾಯಿರಿ" ಅನ್ನುತ್ತಾರೆ. ಓದುಗರು ಕೇಳುವ ಪ್ರಶ್ನೆಯೂ ಇದೇ. ಇದರಲ್ಲಿ ಯಾರ ಮಾತು ಕೇಳುವುದು?

ಮೂವರೂ ಸರಿಯಿರಬಹುದು, ಮೂವರೂ ತಪ್ಪಿರಬಹುದು. ತೂತು ಎಲ್ಲಿದೆ, ಎಷ್ಟು ದೊಡ್ಡದು, ಮಗುವಿಗೆ ಎಷ್ಟು ತಿಂಗಳು ಅನ್ನುವುದು ಗೊತ್ತಾಗದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಹುಟ್ಟುವ ಸುಮಾರು 100 ಮಕ್ಕಳಲ್ಲಿ ಒಂದಕ್ಕೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷ ಇರುತ್ತದೆ. ಈ ಲೆಕ್ಕ ಎಲ್ಲ ದೇಶಗಳಲ್ಲೂ ಹೆಚ್ಚುಕಮ್ಮಿ ಒಂದೇ. ಒಂದೇ ಅಲ್ಲದಿರುವುದು ಚಿಕಿತ್ಸೆ. ಮಕ್ಕಳ ಹೃದಯದ ಸರ್ಜನ್‌ಗಳು ಕೆಲವೇ ದೊಡ್ಡ ನಗರಗಳಲ್ಲಿ ಇರುತ್ತಾರೆ, ಮಕ್ಕಳು ಎಲ್ಲ ಕಡೆ ಹುಟ್ಟುತ್ತಾರೆ. ಸೆಂಟರಿಗೆ ಎರಡು ಗಂಟೆ ದೂರದಲ್ಲಿ ಹುಟ್ಟಿದ ಮಗುವಿಗೂ ಎರಡು ದಿನ ದೂರದಲ್ಲಿ ಹುಟ್ಟಿದ ಮಗುವಿಗೂ ತೂತು ಒಂದೇ ಇರಬಹುದು, ಆದರೆ ಮುಂದಿನ ಕಥೆ ಬೇರೆ ಬೇರೆ.

ಆಸ್ಪತ್ರೆಗಳನ್ನು ಹೋಲಿಸುವ ಮೊದಲು ಯಾವುದರಿಂದ ಅಳೆಯಬೇಕು ಅನ್ನುವುದನ್ನು ನೋಡೋಣ. ನನ್ನ ಪ್ರಕಾರ ಅಳತೆಗಳು ನಾಲ್ಕು. ಆದರೆ ನಾಲ್ಕಕ್ಕೂ ಒಂದೇ ತೂಕ ಇಲ್ಲ. ಮೊದಲನೆಯದು ಉಳಿದ ಮೂರಕ್ಕಿಂತ ದೊಡ್ಡದು.

ಮೊದಲ ಅಳತೆ: ಶ್ವಾಸಕೋಶ ಎಷ್ಟು ದಿನ ಕಾಯುತ್ತದೆ?

ಹೃದಯದಲ್ಲಿ ತೂತು ಅಂದ ಕೂಡಲೇ ಎಲ್ಲರ ಗಮನ ಹೃದಯದ ಮೇಲೆ ಹೋಗುತ್ತದೆ. ಆದರೆ ಗಡುವು ಹಾಕುವುದು ಶ್ವಾಸಕೋಶ.

ಹೊಟ್ಟೆಯೊಳಗಿನ ಮಗು ಗಾಳಿ ಉಸಿರಾಡುವುದಿಲ್ಲ. ಹಾಗಾಗಿ ಅದರ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಹುಟ್ಟಿದ ಮೇಲೆ ಕೆಲವು ವಾರಗಳಲ್ಲಿ ಅವು ಸಡಿಲವಾಗುತ್ತವೆ. ಹೃದಯದ ಎಡಭಾಗದಲ್ಲಿ ಒತ್ತಡ ಜಾಸ್ತಿ, ಬಲಭಾಗದಲ್ಲಿ ಕಡಿಮೆ. ನಡುವಿನ ಗೋಡೆಯಲ್ಲಿ ದೊಡ್ಡ ತೂತಿದ್ದರೆ, ನಾಳಗಳು ಸಡಿಲವಾಗುತ್ತಿದ್ದ ಹಾಗೆ ರಕ್ತ ಎಡದಿಂದ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಹುಟ್ಟಿದ ದಿನ ಚೆನ್ನಾಗಿದ್ದ ಮಗು ಒಂದು ಎರಡು ತಿಂಗಳಿಗೆ ಏದುಸಿರು ಬಿಡಲು ಶುರು ಮಾಡುವುದು ಇದಕ್ಕೇ. ಹಾಲು ಕುಡಿಯುವಾಗ ಹಣೆ ಬೆವರುತ್ತದೆ. ಅರ್ಧಕ್ಕೇ ಸುಸ್ತಾಗಿ ಬಿಡುತ್ತದೆ. ತೂಕ ಏರುವುದಿಲ್ಲ. ನ್ಯುಮೋನಿಯಾ ಮತ್ತೆ ಮತ್ತೆ ಬರುತ್ತದೆ.

ಇಷ್ಟು ರಕ್ತ, ಇಷ್ಟು ಒತ್ತಡ ತಿಂಗಳುಗಟ್ಟಲೆ ಬಿದ್ದರೆ ಶ್ವಾಸಕೋಶದ ಸಣ್ಣ ನಾಳಗಳ ಗೋಡೆ ದಪ್ಪವಾಗುತ್ತದೆ, ದಿನಾ ಗುದ್ದಲಿ ಹಿಡಿದ ಅಂಗೈ ದಡ್ಡುಗಟ್ಟಿದ ಹಾಗೆ. ಮೊದಮೊದಲು ಇದು ತಿರುಗಿ ಸರಿಹೋಗುವ ಬದಲಾವಣೆ. ತೂತು ಮುಚ್ಚಿದರೆ ನಾಳಗಳು ಮತ್ತೆ ಮೆತ್ತಗಾಗುತ್ತವೆ. ಒಂದು ಹಂತ ದಾಟಿದ ಮೇಲೆ ಆಗುವುದಿಲ್ಲ. ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿರುವುದಕ್ಕೆ ಪಲ್ಮನರಿ ಹೈಪರ್‌ಟೆನ್ಷನ್, ಚಿಕ್ಕದಾಗಿ ಪಿಎಚ್, ಅನ್ನುತ್ತಾರೆ. ಅದು ಇನ್ನೂ ಏರಿ ಬಲಭಾಗದ ಒತ್ತಡ ಎಡಭಾಗವನ್ನು ಮೀರಿದರೆ ರಕ್ತದ ಹರಿವು ಉಲ್ಟಾ ಆಗುತ್ತದೆ. ಆಕ್ಸಿಜನ್ ಇಲ್ಲದ ರಕ್ತ ಮೈಗೆ ಹೋಗಿ ತುಟಿ, ಉಗುರು ನೀಲಿಯಾಗುತ್ತವೆ. ವಿಕ್ಟರ್ ಐಸೆನ್‌ಮೆಂಗರ್ ಎಂಬ ವೈದ್ಯ 1897ರಲ್ಲಿ ಇಂಥ ರೋಗಿಯೊಬ್ಬರ ಬಗ್ಗೆ ಬರೆದಿದ್ದರಿಂದ ಇದಕ್ಕೆ ಅವರದೇ ಹೆಸರು. ಯಾಕೆ ಹೀಗಾಗುತ್ತದೆ ಅನ್ನುವುದನ್ನು 1958ರಲ್ಲಿ ಹೃದಯ ತಜ್ಞ ಪಾಲ್ ವುಡ್ ಬಿಡಿಸಿ ಹೇಳಿದರು.

ಇಲ್ಲಿ ಒಂದು ಮೋಸ ಇದೆ, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ನಾಳಗಳು ದಪ್ಪವಾದಾಗ ಶ್ವಾಸಕೋಶಕ್ಕೆ ನುಗ್ಗುವ ರಕ್ತ ಕಡಿಮೆಯಾಗುತ್ತದೆ. ಆಗ ಏದುಸಿರು ಇಳಿಯುತ್ತದೆ, ನ್ಯುಮೋನಿಯಾ ನಿಲ್ಲುತ್ತದೆ, ಮಗು ಮೈ ಕೈ ತುಂಬಿಕೊಳ್ಳುತ್ತದೆ. ಸ್ಟೆತಾಸ್ಕೋಪಿನಲ್ಲಿ ಕೇಳುತ್ತಿದ್ದ ಶಬ್ದವೂ ಸಣ್ಣದಾಗುತ್ತದೆ. "ತಾನಾಗಿ ವಾಸಿಯಾಯ್ತು" ಅಂತ ಮನೆಯವರು ಖುಷಿಪಡುತ್ತಾರೆ. ನಿಜವಾಗಿ ಅದು ಬಾಗಿಲು ಮುಚ್ಚುತ್ತಿರುವ ಲಕ್ಷಣ ಇರಬಹುದು. ದೊಡ್ಡ ತೂತು ಅಂತ ರಿಪೋರ್ಟ್ ಇದ್ದು, ಒಂದು ಒಂದೂವರೆ ವರ್ಷಕ್ಕೆ ಮಗು ಇದ್ದಕ್ಕಿದ್ದಂತೆ ಹುಷಾರಾದರೆ ಸುಮ್ನೆ ಕೂರಬೇಡಿ. ಮತ್ತೆ ಎಕೋ ಮಾಡಿಸಿ.

ಯಾವ ದೋಷಕ್ಕೆ ಎಷ್ಟು ಸಮಯ ಇದೆ ಅನ್ನುವುದು ಸ್ಥೂಲವಾಗಿ ಹೀಗೆ. ಮೇಲಿನ ಕೋಣೆಗಳ ನಡುವಿನ ತೂತು, ಅಂದರೆ ಎಎಸ್‌ಡಿ, ನಿಧಾನದ್ದು. ಮಗು ಆರಾಮವಾಗಿದ್ದರೆ ಸಾಮಾನ್ಯವಾಗಿ 3ರಿಂದ 5 ವರ್ಷದ ತನಕ ಕಾಯುತ್ತಾರೆ. ಕೆಳಗಿನ ಕೋಣೆಗಳ ನಡುವಿನ ವಿಎಸ್‌ಡಿ ಸಣ್ಣದಿದ್ದರೆ ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ. ದೊಡ್ಡ ವಿಎಸ್‌ಡಿಗೆ ಮೊದಲ ವರ್ಷವೇ ಗಡುವು, ಅದರಲ್ಲೂ ಔಷಧಿಗೆ ಬಗ್ಗದಿದ್ದರೆ ಮೊದಲ ಕೆಲವು ತಿಂಗಳು. ಪಿಡಿಎ ಅಂದರೆ ಮೈಗೂ ಶ್ವಾಸಕೋಶಕ್ಕೂ ರಕ್ತ ಒಯ್ಯುವ ದೊಡ್ಡ ನಾಳಗಳ ನಡುವಿನ ಕೊಂಡಿ ಹುಟ್ಟಿದ ಮೇಲೂ ಮುಚ್ಚದೇ ಉಳಿಯುವುದು, ಅದು ದೊಡ್ಡದಿದ್ದರೂ ಅಷ್ಟೇ. ನಾಲ್ಕು ಕೋಣೆಗಳೂ ಸೇರುವ ನಡುಮಧ್ಯದಲ್ಲಿ ತೂತಿರುವ ಎವಿಎಸ್‌ಡಿಗೆ 3ರಿಂದ 6 ತಿಂಗಳು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ದೋಷ ಜಾಸ್ತಿ, ಅವರ ಶ್ವಾಸಕೋಶ ಕೆಡುವುದೂ ಬೇಗ. "ಆ ಮಗುವಿಗೆ ಯಾಕೆ ಅವಸರ" ಅನ್ನುವ ಮಾತು ಅವರ ವಿಷಯದಲ್ಲೇ ಜಾಸ್ತಿ ಕೇಳಿಬರುತ್ತದೆ. ನಿಜವಾದ ಅವಸರ ಇರುವುದು ಅವರಿಗೇ. ಹೃದಯದಿಂದ ಎರಡು ದೊಡ್ಡ ನಾಳಗಳ ಬದಲು ಒಂದೇ ಹೊರಡುವ ಟ್ರಂಕಸ್ ಆರ್ಟೀರಿಯೋಸಸ್‌ನಂಥ ದೋಷಗಳಿಗೆ ವಾರಗಳ ಲೆಕ್ಕ.

ಹುಟ್ಟುತ್ತಲೇ ನೀಲಿಯಾಗುವ ಕೆಲವು ಮಕ್ಕಳಿಗೆ ದಿನಗಳ, ಗಂಟೆಗಳ ಲೆಕ್ಕ. ಅಲ್ಲಿ ಆಯ್ಕೆ ಮಾಡುತ್ತಾ ಕೂರುವ ಮಾತೇ ಇಲ್ಲ. ಆ ಪಿಡಿಎ ಕೊಂಡಿ ಮುಚ್ಚದಂತೆ ತಡೆಯುವ ಪ್ರಾಸ್ಟಗ್ಲಾಂಡಿನ್ ಡ್ರಿಪ್ ಹಾಕಿ, ಉಸಿರು ನಿಂತರೆ ನೋಡಿಕೊಳ್ಳಬಲ್ಲವರ ಜೊತೆ ಸೆಂಟರಿಗೆ ಕಳಿಸಬೇಕು. ಈ ಗುಂಪನ್ನು ಹಿಡಿಯುವುದಕ್ಕೇ ಹುಟ್ಟಿದ 24 ಗಂಟೆಯ ನಂತರ ಬಲಗೈ ಮತ್ತು ಒಂದು ಕಾಲಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡುತ್ತಾರೆ. ಆದರೆ ಆ ಪರೀಕ್ಷೆ ಪಾಸಾದರೆ ತೂತು ಇಲ್ಲ ಅಂತ ಅರ್ಥ ಅಲ್ಲ. ದೊಡ್ಡ ವಿಎಸ್‌ಡಿ ಇರುವ ಮಗು ಗುಲಾಬಿ ಬಣ್ಣದಲ್ಲೇ ಇರುತ್ತದೆ, ಆರಾಮವಾಗಿ ಪಾಸಾಗುತ್ತದೆ.

ಉಳಿದ ಮೂರು ಅಳತೆಗಳು

ಎರಡನೆಯದು, ಈ ದೋಷವನ್ನು, ಈ ತೂಕದ ಮಗುವಿನಲ್ಲಿ, ಆ ತಂಡ ಎಷ್ಟು ಸಲ ಸರಿಮಾಡಿದೆ ಅನ್ನುವುದು. ಆಸ್ಪತ್ರೆಯ ಹೆಸರು ಬೇರೆ, ಈ ಲೆಕ್ಕ ಬೇರೆ. ವರ್ಷಕ್ಕೆ ಸಾವಿರಾರು ಬೈಪಾಸ್ ಮಾಡುವ ಆಸ್ಪತ್ರೆಯಲ್ಲೂ 4 ಕಿಲೋ ಮಗುವಿನ ಆಪರೇಷನ್ ಅಪರೂಪ ಇರಬಹುದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಕ್ಕಳ ಹೃದಯ ಚಿಕಿತ್ಸೆಯ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆದು 2001ರಲ್ಲಿ ವರದಿ ಬಂತು. 1991ರಿಂದ 1995ರ ನಡುವೆ ಅಲ್ಲಿ ಒಂದು ವರ್ಷದೊಳಗಿನ ಮಕ್ಕಳಲ್ಲಿ ನಿರೀಕ್ಷೆಗಿಂತ 30ರಿಂದ 35 ಸಾವು ಜಾಸ್ತಿ ಆಗಿತ್ತು ಅಂತ ಅದು ಹೇಳಿತು. ಸ್ವೀಡನ್ ಬೇರೆ ದಾರಿ ಹಿಡಿಯಿತು. 1993ರಲ್ಲಿ ಮಕ್ಕಳ ಹೃದಯದ ಆಪರೇಷನ್‌ಗಳನ್ನು ನಾಲ್ಕು ಸೆಂಟರ್‌ಗಳಿಂದ ಎರಡಕ್ಕೆ ಇಳಿಸಿ ಲುಂಡ್ ಮತ್ತು ಗೋಥೆನ್‌ಬರ್ಗ್‌ನಲ್ಲಿ ಮಾತ್ರ ಮಾಡತೊಡಗಿತು. ಓಪನ್ ಹಾರ್ಟ್ ಆಪರೇಷನ್ ಆದ 30 ದಿನದೊಳಗಿನ ಸಾವು ಅದಕ್ಕಿಂತ ಮೊದಲು ಶೇಕಡಾ 9.5 ಇತ್ತು, ಕೆಲವು ವರ್ಷಗಳಲ್ಲಿ ಶೇಕಡಾ 1.9ಕ್ಕೆ ಇಳಿಯಿತು. ಆ ವರ್ಷಗಳಲ್ಲಿ ಎಲ್ಲ ಕಡೆ ತಂತ್ರವೂ ಸುಧಾರಿಸುತ್ತಿತ್ತು, ಪೂರ್ತಿ ಶ್ರೇಯ ಒಂದೇ ನಿರ್ಧಾರಕ್ಕೆ ಕೊಡಲಾಗದು. ಆದರೂ ಜಾಸ್ತಿ ಮಾಡುವ ತಂಡ ಚೆನ್ನಾಗಿ ಮಾಡುತ್ತದೆ ಅನ್ನುವುದು ಇಷ್ಟು ವರ್ಷಗಳಲ್ಲಿ ಗಟ್ಟಿಯಾಗಿದೆ. ಇದರ ಇನ್ನೊಂದು ಮುಖವೂ ಇದೆ, ಅಲ್ವಾ? ಸೆಂಟರ್‌ಗಳು ಕಡಿಮೆಯಾದಷ್ಟೂ ದೂರ ಜಾಸ್ತಿಯಾಗುತ್ತದೆ. ಪ್ರಯಾಣ, ಸಾಗಾಟದ ವ್ಯವಸ್ಥೆ ಚೆನ್ನಾಗಿರುವ ದೇಶಕ್ಕೆ ಈ ದೂರ ಭಾರವಾಗದು. ಅದು ಇಲ್ಲದ ಕಡೆ ದೂರವೇ ರೋಗದಷ್ಟು ಅಪಾಯ.

ಮೂರನೆಯದು, ಆಪರೇಷನ್ ಆದ ರಾತ್ರಿ. ಶ್ವಾಸಕೋಶದ ಒತ್ತಡ ಜಾಸ್ತಿ ಇದ್ದ ಮಗುವಿಗೆ ತೂತು ಮುಚ್ಚಿದ ಮೇಲೂ ಆ ಒತ್ತಡ ಇದ್ದಕ್ಕಿದ್ದಂತೆ ಜಿಗಿಯಬಹುದು. ನೋವು, ಚಳಿ, ಗಂಟಲಿನ ನಳಿಕೆಯಿಂದ ಕಫ ಎಳೆಯುವುದು, ಯಾವುದೂ ನೆಪವಾಗಬಹುದು. ಆಗ ಪಕ್ಕದಲ್ಲಿ ಮಕ್ಕಳ ಐಸಿಯು ಗೊತ್ತಿರುವ ನರ್ಸ್ ಇರಬೇಕು. ಆಕ್ಸಿಜನ್, ಮಂಪರು ಔಷಧಿ, ಬೇಕಾದರೆ ನೈಟ್ರಿಕ್ ಆಕ್ಸೈಡ್ ಗ್ಯಾಸ್ ಕೈಗೆಟಕುವಂತಿರಬೇಕು. ಸರ್ಜನ್ ಯಾರು ಅಂತ ಎಲ್ಲರೂ ವಿಚಾರಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಮಗುವಿನ ಪಕ್ಕ ಯಾರಿರುತ್ತಾರೆ ಅಂತ ವಿಚಾರಿಸುವವರು ಕಡಿಮೆ.

ನಾಲ್ಕನೆಯದು ಪೂರ್ತಿ ಖರ್ಚು. ಆಸ್ಪತ್ರೆಯ ಬಿಲ್ ಅದರ ಒಂದು ಭಾಗ ಮಾತ್ರ. ಪ್ರಯಾಣ, ಜೊತೆಗೆ ಬರುವವರ ವಸತಿ, ನಿಂತುಹೋದ ಕೂಲಿ, ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗು, ಮುಂದಿನ ವರ್ಷಗಳ ಫಾಲೋಅಪ್, ಎಲ್ಲವನ್ನೂ ಸೇರಿಸಿ ನೋಡಿ. ಉಚಿತ ಆಪರೇಷನ್ ಕೂಡ ಮನೆಯನ್ನು ಸಾಲಕ್ಕೆ ದೂಡುವುದು ಈ ಇತರೆ ಖರ್ಚುಗಳಿಂದಲೇ.

ಹತ್ತಿರವೇ ಇದ್ದು, ಔಷಧಿ ಕೊಡುತ್ತಾ ಕಾಯುವುದು

ಸಣ್ಣ ವಿಎಸ್‌ಡಿ, ತೊಂದರೆ ಕೊಡದ ಎಎಸ್‌ಡಿ ಇದ್ದರೆ ಇದೇ ಸರಿಯಾದ ಆಯ್ಕೆ. ದೊಡ್ಡ ಸೆಂಟರಿಗೆ ಓಡಿದರೂ ಅವರು ಹೇಳುವುದು ಇದನ್ನೇ. ಒಂದೇ ಷರತ್ತು, ಮೊದಲ ಎಕೋ ಮಕ್ಕಳ ಹೃದಯ ಬಲ್ಲವರು ಮಾಡಿರಬೇಕು. ದೊಡ್ಡವರ ಎಕೋ ಮಾಡಿ ರೂಢಿಯಿರುವವರು ಮಗುವಿನ ಎಕೋದಲ್ಲಿ ಮುಖ್ಯವಾದದ್ದನ್ನು ಬಿಡಬಹುದು. ಎಕೋದ ದೃಶ್ಯಗಳನ್ನೇ ದೂರದ ತಜ್ಞರಿಗೆ ಕಳಿಸಿ ಅಭಿಪ್ರಾಯ ಕೇಳುವ ವ್ಯವಸ್ಥೆ ಈಗ ಹಲವು ಕಡೆ ಇದೆ. ಪ್ರಯಾಣಕ್ಕಿಂತ ಮೊದಲು ಇದನ್ನು ಕೇಳಿ ನೋಡಿ. ಒಂದು ಸುತ್ತು ಓಡಾಟ ಉಳಿಯಬಹುದು, ಅಥವಾ ಎರಡು ತಿಂಗಳ ವಿಳಂಬ ತಪ್ಪಬಹುದು.

ದೊಡ್ಡ ತೂತಿದ್ದು ಕಾಯುವುದು ಬೇರೆ ವಿಷಯ. ಫ್ಯೂರೊಸೆಮೈಡ್, ಎನಲಾಪ್ರಿಲ್‌ನಂಥ ಔಷಧಿಗಳು ಏದುಸಿರು ಕಡಿಮೆ ಮಾಡುತ್ತವೆ, ಕೆಲವು ವಾರ ಗಳಿಸಿಕೊಡುತ್ತವೆ. ಶ್ವಾಸಕೋಶದ ನಾಳಗಳು ದಪ್ಪವಾಗುವುದನ್ನು ಅವು ತಡೆಯುವುದಿಲ್ಲ. "ತೂಕ ಬರಲಿ" ಅನ್ನುವ ಮಾತಿನ ತೊಂದರೆಯೂ ಇಲ್ಲೇ. ಕೆಲವು ದೋಷಗಳಿಗೆ, ಕೆಲವು ತಂಡಗಳಿಗೆ ಅದು ನ್ಯಾಯವಾದ ಸಲಹೆ. ಆದರೆ ದೊಡ್ಡ ವಿಎಸ್‌ಡಿ ಮಗು ಸೊರಗಿರುವುದೇ ತೂತಿನಿಂದ. ತೂತು ಮುಚ್ಚುವ ತನಕ ತೂಕ ಹೇಗೆ ಬರುತ್ತದೆ? ಆ ಸಲಹೆ ಕೊಟ್ಟವರನ್ನು ಎರಡು ಪ್ರಶ್ನೆ ಕೇಳಿ: ಎಷ್ಟು ತೂಕ, ಯಾವ ದಿನಾಂಕದ ಒಳಗೆ? ಆ ದಿನಕ್ಕೆ ಬರದಿದ್ದರೆ ಏನು ಮಾಡುತ್ತೀರಿ? ಉತ್ತರ ಇಲ್ಲದಿದ್ದರೆ ಅದು ಸಲಹೆ ಅಲ್ಲ, ಮುಂದೂಡಿಕೆ.

ಹತ್ತಿರದ ದೊಡ್ಡವರ ಹೃದಯದ ಆಸ್ಪತ್ರೆ

ಸಣ್ಣ ನಗರಗಳಲ್ಲಿ ಸಿಗುವುದು ಸಾಮಾನ್ಯವಾಗಿ ಇದೇ. ರಕ್ತನಾಳದ ಮೂಲಕ ಹೃದಯಕ್ಕೆ ನಳಿಕೆ ಕಳಿಸಿ ಕೆಲಸ ಮಾಡುವ ಕ್ಯಾಥ್ ಲ್ಯಾಬ್ ಇರುತ್ತದೆ, ಸ್ಟೆಂಟ್ ಹಾಕುತ್ತಾರೆ, ಮಕ್ಕಳ ಕೆಲಸವೂ ಸ್ವಲ್ಪ ಮಾಡುತ್ತಾರೆ. ನಾಲ್ಕೈದು ವರ್ಷದ ಮಗುವಿಗೆ ಸರಳವಾದ ಎಎಸ್‌ಡಿ ಅಥವಾ ಪಿಡಿಎ ಇದ್ದು, ಡಿವೈಸ್‌ನಿಂದ ಮುಚ್ಚಬಹುದಾದರೆ, ಅದನ್ನು ನಿಯಮಿತವಾಗಿ ಮಾಡುವ ತಂಡ ಅಲ್ಲಿದ್ದರೆ, ಮನೆ ಹತ್ತಿರವೇ ಮುಗಿಸುವುದರಲ್ಲಿ ತಪ್ಪೇನೂ ಇಲ್ಲ. ತೊಡೆಯ ರಕ್ತನಾಳದಿಂದ ಕೊಡೆಯಂಥ ಮುಚ್ಚಳ ಕಳಿಸಿ ಕೂರಿಸುತ್ತಾರೆ. ಎದೆ ಸೀಳುವ ಅಗತ್ಯ ಇಲ್ಲ, ಒಂದೆರಡು ದಿನದಲ್ಲಿ ಮನೆ.

ಡಿವೈಸೋ ಆಪರೇಷನ್ನೋ ಅನ್ನುವ ಗೊಂದಲ ಹಲವರಿಗೆ. ಸುಮಾರು ಸಲ ಅದನ್ನು ತೀರ್ಮಾನಿಸುವುದು ತೂತಿನ ಜಾಗ, ನೀವಲ್ಲ. ಎಎಸ್‌ಡಿಯ ಸುತ್ತ ಡಿವೈಸ್ ಹಿಡಿದುಕೊಳ್ಳಲು ಸಾಕಷ್ಟು ಅಂಚು ಇರಬೇಕು. ಅಂಚಿಲ್ಲದಿದ್ದರೆ, ತೂತು ಗೋಡೆಯ ತುದಿಯಲ್ಲಿದ್ದರೆ, ಆಪರೇಷನ್ನೇ ದಾರಿ. ಡಿವೈಸ್‌ನ ಬೆಲೆ ಕೆಲವು ಕಡೆ ಆಪರೇಷನ್‌ಗಿಂತ ಜಾಸ್ತಿ ಬೀಳುತ್ತದೆ. ಹಣ ಕಡಿಮೆಯಿದ್ದು ಆಪರೇಷನ್ ಆರಿಸಿಕೊಂಡರೆ ಮಗುವಿಗೆ ಎರಡನೇ ದರ್ಜೆಯ ಚಿಕಿತ್ಸೆ ಕೊಟ್ಟ ಹಾಗಲ್ಲ. ಗಾಯದ ಗುರುತು ಉಳಿಯುತ್ತದೆ, ಚೇತರಿಕೆ ನಿಧಾನ, ಅಷ್ಟೇ.

ಪುಟ್ಟ ಮಗುವಿನ ದೊಡ್ಡ ವಿಎಸ್‌ಡಿ, ಎವಿಎಸ್‌ಡಿಗಳಿಗೆ ಈ ಆಸ್ಪತ್ರೆ ಸರಿಯಾದ ಜಾಗ ಅಲ್ಲ. ಅಲ್ಲಿನ ಪ್ರಾಮಾಣಿಕ ಡಾಕ್ಟರು ತಾವೇ ಹಾಗೆ ಹೇಳುತ್ತಾರೆ.

ದೂರದ ಮಕ್ಕಳ ಹೃದಯ ಸೆಂಟರ್

ಎರಡನೇ, ಮೂರನೇ ಅಳತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಮೊದಲ ಅಳತೆಯಲ್ಲಿ ಮಾತ್ರ ಎಚ್ಚರ ಬೇಕು, ಯಾಕೆಂದರೆ ಸರದಿ ಉದ್ದ ಇರುತ್ತದೆ. ಅತಿ ಹೆಸರುವಾಸಿ ಸೆಂಟರಿನಲ್ಲಿ ಎಂಟು ತಿಂಗಳ ನಂತರದ ತಾರೀಕು ಸಿಕ್ಕರೆ, ಮೂರು ತಿಂಗಳ ಎವಿಎಸ್‌ಡಿ ಮಗುವಿಗೆ ಅದು ಸಿಗದಿದ್ದ ಹಾಗೇ. ಅಷ್ಟು ಹೆಸರಿಲ್ಲದ, ಆದರೆ ಇದೇ ಆಪರೇಷನ್ ವಾರವಾರವೂ ಮಾಡುವ ಸೆಂಟರಿನಲ್ಲಿ ಮುಂದಿನ ತಿಂಗಳು ಜಾಗ ಇದ್ದರೆ ನಾನು ಎರಡನೆಯದಕ್ಕೇ ಹೋಗಿ ಅನ್ನುತ್ತೇನೆ. ವಿಎಸ್‌ಡಿ ಮುಚ್ಚುವುದು ಹೊಸ ವಿದ್ಯೆ ಏನಲ್ಲ. 1954ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ವಾಲ್ಟನ್ ಲಿಲ್ಲಹೈ ಇದನ್ನು ಮೊದಲು ಮಾಡಿದಾಗ ಆಪರೇಷನ್ ಹೊತ್ತಿಗೆ ಹೃದಯ ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್ ಲಂಗ್ ಮಷೀನೂ ಅವರ ಹತ್ತಿರ ಇರಲಿಲ್ಲ. ಮಗುವಿನ ಅಪ್ಪನ ರಕ್ತನಾಳಗಳನ್ನು ಮಗುವಿಗೆ ಜೋಡಿಸಿ, ಅಪ್ಪನ ಹೃದಯ ಶ್ವಾಸಕೋಶದಿಂದಲೇ ಕೆಲಸ ನಡೆಸಿದರು. ಈಗ ಇದು ಪಳಗಿದ ಆಪರೇಷನ್. ಇದಕ್ಕೆ ಬೇಕಾದ್ದು ಪ್ರಸಿದ್ಧ ಹೆಸರಲ್ಲ, ರೂಢಿಯಿರುವ ತಂಡ.

ಫೋನಿನಲ್ಲಿ ಕೇಳುವಾಗ "ಡೇಟ್ ಯಾವಾಗ ಸಿಗುತ್ತದೆ" ಅಂತ ಮಾತ್ರ ಕೇಳಬೇಡಿ. ವಯಸ್ಸು, ತೂಕ, ದೋಷದ ಹೆಸರು, ಎಕೋದಲ್ಲಿ ಬರೆದ ಶ್ವಾಸಕೋಶದ ಒತ್ತಡ, ಇವನ್ನು ಹೇಳಿ. ತುರ್ತಿನವರನ್ನು ಮುಂದಕ್ಕೆ ಹಾಕುವ ಪದ್ಧತಿ ಹೆಚ್ಚಿನ ಕಡೆ ಇದೆ. ಆದರೆ ತುರ್ತು ಅಂತ ಅವರಿಗೆ ಗೊತ್ತಾಗಬೇಕಲ್ಲ. ಖರ್ಚಿನ ವಿಷಯದಲ್ಲಿ ಸಮಾಜ ಕಾರ್ಯಕರ್ತರ ವಿಭಾಗ ಇದೆಯಾ, ತಂದೆತಾಯಿಗೆ ತಂಗಲು ಜಾಗ ಇದೆಯಾ, ಸರ್ಕಾರಿ ಯೋಜನೆ ಅಥವಾ ವಿಮೆ ಅಲ್ಲಿ ನಡೆಯುತ್ತದಾ ಅನ್ನುವುದನ್ನು ಹೊರಡುವ ಮೊದಲೇ ಕೇಳಿಕೊಳ್ಳಿ.

ಹೊರಗಿನಿಂದ ಬರುವ ತಂಡಗಳು

ಎರಡು ಬಗೆ. ಒಂದು, ಮಗುವನ್ನೇ ಬೇರೆ ದೇಶಕ್ಕೆ ಕರೆದುಕೊಂಡು ಹೋಗುವುದು. ಇಸ್ರೇಲಿನ ಹೋಲೊನ್‌ನಲ್ಲಿರುವ 'ಸೇವ್ ಎ ಚೈಲ್ಡ್ಸ್ ಹಾರ್ಟ್' ಸಂಸ್ಥೆ 1990ರ ದಶಕದಿಂದ ಹೀಗೆ ಮಾಡುತ್ತಿದೆ. ಇನ್ನೊಂದು, ಸರ್ಜನ್‌ಗಳು ಬಂದು ಕೆಲವು ದಿನ ಇದ್ದು ಆಪರೇಷನ್ ಮಾಡಿ ಹೋಗುವುದು. ಬೇರೆ ದಾರಿಯೇ ಇಲ್ಲದವರಿಗೆ ಎರಡೂ ಜೀವದಾನ. ಎರಡನೆಯದರಲ್ಲಿ ನೋಡಬೇಕಾದ್ದು, ತಂಡ ಹೊರಟ ಮೇಲೆ ಮಗುವನ್ನು ನೋಡುವವರು ಯಾರು. ಅದೇ ಆಸ್ಪತ್ರೆಗೆ ಮತ್ತೆ ಮತ್ತೆ ಬಂದು ಅಲ್ಲಿನವರಿಗೂ ಕಲಿಸುವ ತಂಡ ನಂಬಿಕೆಗೆ ಅರ್ಹ. ಒಮ್ಮೆ ಬಂದು ಹೋಗುವ ತಂಡಗಳು ಸಾಮಾನ್ಯವಾಗಿ ಸರಳ ಕೇಸುಗಳನ್ನೇ ಆರಿಸಿಕೊಳ್ಳುತ್ತವೆ, ಅದು ಸರಿಯೂ ಹೌದು. ಶ್ವಾಸಕೋಶದ ಒತ್ತಡ ಏರಿರುವ ಮಗುವನ್ನು ಅವರು ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಆದರೆ ಆ ತಂಡಕ್ಕಾಗಿ ಒಂದು ವರ್ಷ ಕಾಯುತ್ತಾ ಕೂತಿದ್ದರೆ, ಆ ಒಂದು ವರ್ಷವೇ ಮಗುವನ್ನು ಸರಳ ಕೇಸಿನಿಂದ ಕಷ್ಟದ ಕೇಸಾಗಿ ಮಾಡಿರಬಹುದು.

ಎರಡು ಹಂತದ ದಾರಿ

ಇದರ ಬಗ್ಗೆ ಕಡಿಮೆ ಜನ ಕೇಳಿರುತ್ತಾರೆ. ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳದ ಸುತ್ತ ಪಟ್ಟಿ ಕಟ್ಟಿ ಹರಿವನ್ನು ಕಡಿಮೆ ಮಾಡುವುದು. 1952ರಿಂದ ಇರುವ ಉಪಾಯ. ಹಾರ್ಟ್ ಲಂಗ್ ಮಷೀನ್ ಬೇಡ. ಮಗು ತುಂಬಾ ಸಣ್ಣದು, ಪೂರ್ತಿ ರಿಪೇರಿ ಮಾಡುವವರು ಹತ್ತಿರ ಇಲ್ಲ, ಅಥವಾ ತೂತುಗಳು ಹಲವು ಇವೆ ಅಂದಾಗ ಇದು ಶ್ವಾಸಕೋಶವನ್ನು ಕಾಪಾಡಿ ಸಮಯ ಕೊಡುತ್ತದೆ. ಬೆಲೆ ಏನೆಂದರೆ ಎರಡು ಆಪರೇಷನ್, ಎರಡು ಸಲ ಖರ್ಚು. ಪಟ್ಟಿ ಕಟ್ಟಿಸಿಕೊಂಡು ಎರಡನೆಯದಕ್ಕೆ ಬಾರದೇ ಹೋಗುವ ಅಪಾಯವೂ ಇದೆ. ಮಗು ಚೆನ್ನಾಗಿ ಕಾಣುತ್ತದಲ್ಲ, ಯಾಕೆ ಹೋಗಬೇಕು ಅನ್ನಿಸಿಬಿಡುತ್ತದೆ. ಒಂದೇ ಸಲ ರಿಪೇರಿ ಮಾಡುವವರು ಸಮಯಕ್ಕೆ ಸಿಗುತ್ತಿದ್ದರೆ ಅದೇ ಮೇಲು.

ಒತ್ತಡ ಆಗಲೇ ಏರಿದ್ದರೆ

ಏಳು ವರ್ಷದ ಹುಡುಗಿ, ಈಗಷ್ಟೇ ವಿಎಸ್‌ಡಿ ಅಂತ ಗೊತ್ತಾಗಿದೆ, ಎಕೋದಲ್ಲಿ 'ಸಿವಿಯರ್ ಪಿಎಚ್', ಅಂದರೆ ಶ್ವಾಸಕೋಶದ ಒತ್ತಡ ತೀವ್ರ, ಅಂತ ಬರೆದಿದೆ. ದೂರದ ಊರುಗಳಲ್ಲಿ ಇಂಥ ಕೇಸು ಅಪರೂಪವಲ್ಲ. ಇಲ್ಲಿ ಪ್ರಶ್ನೆಯೇ ಬೇರೆ: ಮುಚ್ಚಬಹುದೋ, ಬಾರದೋ?

'ಸಿವಿಯರ್' ಅನ್ನುವ ಒಂದು ಪದ ನೋಡಿ ಆಸೆ ಬಿಡಬೇಡಿ. ದೊಡ್ಡ ತೂತಿದ್ದಾಗ ಬರೀ ಹರಿವು ಜಾಸ್ತಿಯಾಗಿಯೂ ಒತ್ತಡ ಏರುತ್ತದೆ. ಅದು ತೂತು ಮುಚ್ಚಿದರೆ ಇಳಿಯುವ ಒತ್ತಡ. ನಾಳಗಳೇ ದಪ್ಪವಾಗಿ ಏರಿದ್ದರೆ ಇಳಿಯದು. ಎರಡನ್ನೂ ಬೇರ್ಪಡಿಸಲು ಎಕೋ ಒಂದೇ ಸಾಲದು, ನಳಿಕೆ ಕಳಿಸಿ ಅಳೆಯುವ ಕ್ಯಾಥ್ ಪರೀಕ್ಷೆ ಬೇಕು. ಅದರಲ್ಲಿ ನಾಳಗಳ ಪ್ರತಿರೋಧವನ್ನು ವುಡ್ ಯೂನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಮೊದಲು ಹೇಳಿದ ಪಾಲ್ ವುಡ್ ಅವರದೇ ಹೆಸರು. ಮಕ್ಕಳಲ್ಲಿ, ಮೈ ಗಾತ್ರಕ್ಕೆ ಹೊಂದಿಸಿದ ಈ ಸಂಖ್ಯೆ 4ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮುಚ್ಚುತ್ತಾರೆ. 8ಕ್ಕಿಂತ ಜಾಸ್ತಿ ಇದ್ದರೆ ಮುಚ್ಚುವುದಿಲ್ಲ. ನಡುವಿನವರದ್ದು ಅನುಭವಿ ತಂಡ ಒಬ್ಬೊಬ್ಬರನ್ನೇ ನೋಡಿ ಹೇಳಬೇಕಾದ ಮಾತು. ಕೆಲವರಿಗೆ ಔಷಧಿ ಕೊಟ್ಟು, ಒತ್ತಡ ಇಳಿದರೆ ಮುಚ್ಚುತ್ತಾರೆ.

ಈ ಒಂದು ಪರೀಕ್ಷೆಗೆ ಮಾತ್ರ ಎಷ್ಟೇ ದೂರವಾದರೂ ಸರಿಯಾದ ಸೆಂಟರಿಗೇ ಹೋಗಿ. ಮುಚ್ಚಬಾರದ ತೂತನ್ನು ಮುಚ್ಚಿದರೆ, ಮುಚ್ಚದೇ ಬಿಟ್ಟವರಿಗಿಂತ ಆ ರೋಗಿಯ ಸ್ಥಿತಿ ಕೆಡುತ್ತದೆ. ಒತ್ತಡ ಹೊರಹೋಗಲು ಇದ್ದ ದಾರಿಯೂ ಹೋಗಿ ಬಲಭಾಗದ ಹೃದಯ ಸೋಲುತ್ತದೆ. "ಏನಾದರೂ ಆಗಲಿ, ಆಪರೇಷನ್ ಮಾಡಿಬಿಡಿ" ಅಂತ ಡಾಕ್ಟರ ಮೇಲೆ ಒತ್ತಡ ಹಾಕಬೇಡಿ. ಮುಚ್ಚುವವರನ್ನು ಹುಡುಕಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಲೂ ಬೇಡಿ.

ಮುಚ್ಚಲಾಗದು ಅಂತ ತೀರ್ಮಾನವಾದ ಮೇಲೆ ಸಮೀಕರಣ ತಿರುಗುತ್ತದೆ. ಈಗ ಹತ್ತಿರದ ಡಾಕ್ಟರೇ ಮುಖ್ಯ, ಸೆಂಟರು ವರ್ಷಕ್ಕೆ ಒಂದೆರಡು ಸಲ ಸಾಕು. ಶ್ವಾಸಕೋಶದ ಒತ್ತಡ ಇಳಿಸುವ ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳು ಜೆನೆರಿಕ್ ರೂಪದಲ್ಲಿ ಸಿಗುವುದರಿಂದ ಬಡವರಿಗೂ ಎಟಕುವಂಥವು. ಅದೇ ಕೆಲಸದ ಇನ್ನೊಂದು ಮಾತ್ರೆ ಬೊಸೆಂಟನ್ ಸಾಮಾನ್ಯವಾಗಿ ಅದಕ್ಕಿಂತ ದುಬಾರಿ. 2006ರಲ್ಲಿ ಪ್ರಕಟವಾದ ಬ್ರೀದ್-5 ಪ್ರಯೋಗದಲ್ಲಿ 54 ಐಸೆನ್‌ಮೆಂಗರ್ ರೋಗಿಗಳ ಮೇಲೆ ಪರೀಕ್ಷಿಸಿದಾಗ ಅದರಿಂದ ನಡೆಯುವ ಶಕ್ತಿ ಹೆಚ್ಚಿತು. ಅದಕ್ಕೆ ತಿಂಗಳಿಗೊಮ್ಮೆ ಲಿವರ್ ಪರೀಕ್ಷೆಯೂ ಬೇಕು, ಅದರ ಖರ್ಚನ್ನೂ ಸೇರಿಸಿಕೊಳ್ಳಿ. ಹನಿಹನಿಯಾಗಿ ನಿರಂತರ ಕೊಡುವ ಪ್ರೊಸ್ಟಾಸೈಕ್ಲಿನ್ ಔಷಧಿಗಳು ಬಲವಾದವು, ಆದರೆ ಬೆಲೆಯೂ ಉಪಕರಣದ ರಗಳೆಯೂ ವಿಪರೀತ. ಮೂರು ತಿಂಗಳು ದುಬಾರಿ ಔಷಧಿ ತಂದು ನಾಲ್ಕನೇ ತಿಂಗಳು ನಿಲ್ಲಿಸುವುದಕ್ಕಿಂತ, ವರ್ಷಗಟ್ಟಲೆ ತಪ್ಪದೇ ತರಬಲ್ಲ ಔಷಧಿ ಮೇಲು. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಒತ್ತಡ ಮತ್ತೆ ಜಿಗಿಯಬಹುದು. ನಿಮ್ಮ ಕೈಲಿ ಎಷ್ಟಾಗುತ್ತದೆ ಅಂತ ಡಾಕ್ಟರಿಗೆ ನಾಚಿಕೆ ಬಿಟ್ಟು ಹೇಳಿ.

ಔಷಧಿಯಷ್ಟೇ ಮುಖ್ಯವಾದ, ಖರ್ಚಿಲ್ಲದ ಕೆಲವು ಇವೆ. ಭೇದಿ, ವಾಂತಿಯಾದರೆ ಮೈಯಲ್ಲಿ ನೀರು ಕಡಿಮೆಯಾಗಲು ಬಿಡಬಾರದು. ರಕ್ತ ಗಟ್ಟಿಯಾಗಿದೆ ಅಂತ ಸುಮ್ನೆ ರಕ್ತ ತೆಗೆಸಬಾರದು. ಕಬ್ಬಿಣಾಂಶ ಕಡಿಮೆಯಿದ್ದರೆ ಸರಿಮಾಡಿಕೊಳ್ಳಬೇಕು. ಎತ್ತರದ ಬೆಟ್ಟದ ಊರುಗಳು ಇವರಿಗೆ ಆಗಿಬರುವುದಿಲ್ಲ. ಡ್ರಿಪ್ ಹಾಕುವಾಗ ನಳಿಕೆಯಲ್ಲಿ ಗಾಳಿಗುಳ್ಳೆ ಇರಬಾರದು ಅನ್ನುವುದನ್ನು ಯಾವ ಆಸ್ಪತ್ರೆಗೆ ಹೋದರೂ ನೀವೇ ನೆನಪಿಸಬೇಕು, ಯಾಕೆಂದರೆ ಇವರಲ್ಲಿ ಅದು ನೇರ ಮೆದುಳಿಗೆ ಹೋಗಬಹುದು.

ಹುಡುಗಿಯರ ವಿಷಯದಲ್ಲಿ ಇನ್ನೂ ಒಂದು. ಐಸೆನ್‌ಮೆಂಗರ್ ಇರುವವರಿಗೆ ಗರ್ಭ ಬಹಳ ಅಪಾಯ. ಹಳೆಯ ವರದಿಗಳಲ್ಲಿ ತಾಯಂದಿರ ಸಾವು ಶೇಕಡಾ 30ರಿಂದ 50 ಇದೆ. ಬೊಸೆಂಟನ್ ಭ್ರೂಣಕ್ಕೂ ಹಾನಿ ಮಾಡುತ್ತದೆ, ಗರ್ಭ ತಡೆಯುವ ಹಾರ್ಮೋನ್ ಮಾತ್ರೆಗಳ ಬಲವನ್ನೂ ಕಡಿಮೆ ಮಾಡುತ್ತದೆ. ಮದುವೆ ಮಾತು ಬರುವ ಮೊದಲೇ, ಹುಡುಗಿಯ ಎದುರೇ, ಈ ಮಾತು ಡಾಕ್ಟರ ಜೊತೆ ಆಗಬೇಕು. ಎಷ್ಟೋ ಮನೆಗಳಲ್ಲಿ ಹೃದಯದ ವಿಷಯವನ್ನು ಮುಚ್ಚಿಟ್ಟೇ ಮದುವೆ ಮಾಡುತ್ತಾರೆ. ಅದರ ಬೆಲೆಯನ್ನು ಆಕೆಯೊಬ್ಬಳೇ ಕೊಡಬೇಕಾಗುತ್ತದೆ.

ಹೊರಡುವ ಮುಂಚೆ

ಯಾವ ದಾರಿ ಆರಿಸಿದರೂ ಒಂದು ಫೈಲ್ ಮಾಡಿಕೊಳ್ಳಿ. ಎಕೋದ ಕಾಗದ ಮಾತ್ರ ಅಲ್ಲ, ದೃಶ್ಯಗಳ ಸಿಡಿ ಅಥವಾ ಪೆನ್‌ಡ್ರೈವ್. ತಿಂಗಳ ತೂಕಗಳ ಪಟ್ಟಿ. ಕೊಡುತ್ತಿರುವ ಔಷಧಿ, ಪ್ರಮಾಣ. ಬಲಗೈ ಮತ್ತು ಕಾಲಿನ ಆಕ್ಸಿಜನ್ ಅಳತೆ, ದಿನಾಂಕ ಸಮೇತ. ಕಾಲಿನ ಅಳತೆ ಯಾಕೆಂದರೆ, ದೊಡ್ಡ ಪಿಡಿಎಯಲ್ಲಿ ಹರಿವು ಉಲ್ಟಾ ಆದಾಗ ಕೈಬೆರಳು ಚೆನ್ನಾಗಿದ್ದು ಕಾಲ್ಬೆರಳು ಮಾತ್ರ ನೀಲಿಯಾಗುತ್ತದೆ. ಕೈ ಮಾತ್ರ ನೋಡಿದವರಿಗೆ ಅದು ಗೊತ್ತೇ ಆಗುವುದಿಲ್ಲ.

ಆಪರೇಷನ್ ಮುಗಿಸಿ ಬರುವಾಗ ಡಿಸ್ಚಾರ್ಜ್ ಸಾರಾಂಶದ ಎರಡು ಪ್ರತಿ ತನ್ನಿ, ಒಂದು ನಿಮಗೆ, ಒಂದು ಹತ್ತಿರದ ಡಾಕ್ಟರಿಗೆ. ಮುಂದಿನ ಎಕೋಗಳಲ್ಲಿ ಯಾವುದನ್ನು ಹತ್ತಿರ ಮಾಡಿಸಬಹುದು, ಯಾವುದಕ್ಕೆ ಮತ್ತೆ ಅಲ್ಲಿಗೇ ಬರಬೇಕು ಅಂತ ಬರೆಸಿಕೊಳ್ಳಿ. ತಡವಾಗಿ ಮುಚ್ಚಿಸಿಕೊಂಡ ಕೆಲವರಲ್ಲಿ ಶ್ವಾಸಕೋಶದ ಒತ್ತಡ ವರ್ಷಗಳ ನಂತರವೂ ಏರಬಹುದು. ಹಾಗಾಗಿ ಮಗು ದೊಡ್ಡದಾಗಿ ಕಾಲೇಜಿಗೋ ಕೆಲಸಕ್ಕೋ ಬೇರೆ ಊರಿಗೆ ಹೊರಟಾಗ ಆ ಫೈಲ್ ಅದರ ಬ್ಯಾಗಿನಲ್ಲಿರಲಿ, ನಿಮ್ಮ ಬೀರುವಿನಲ್ಲಿ ಅಲ್ಲ.